ಸೊಲ್ಲಾಪುರದೊಳಗಿನ ಸೊನ್ನಲಿಗೆ



ಸೊಲ್ಲಾಪುರಕ್ಕೆ ಆ ಹೆಸರು ಹೇಗೆ ಬಂತೆಂದು ಊರಲ್ಲಿ ಕೇಳಿ ನೋಡಿ. ‘ಸೋಲಾ’ ಅಂದರೆ ಹದಿನಾರು, ಹದಿನಾರು ಹಳ್ಳಿ ಕೂಡಿ ಆದ ಊರು ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಹಳ್ಳಿಗಳ ಪಟ್ಟಿಯೂ ಹಳೆಯ ಗೆಜೆಟಿಯರಿನಲ್ಲಿದೆ. ಅದನ್ನು ನಿಧಾನವಾಗಿ ಓದಬೇಕು. ಅಹಮದಪುರ, ಫತೇಪುರ, ಮುಹಮ್ಮದಪುರ ಮೊದಲಾದ ಸುಲ್ತಾನರ ಕಾಲದ ಹೆಸರುಗಳ ನಡುವೆ ‘ಸೊನ್ನಲಗಿ’ ಎಂಬುದೊಂದು ಕೂತಿದೆ. ತಾಯಿಬೇರು ಅದೇ.

12ನೇ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿ, 68 ಲಿಂಗಗಳನ್ನು ಸ್ಥಾಪಿಸಿದ ಊರು ಸೊನ್ನಲಿಗೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಇಂದಿಗೂ ಆ ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಊರೂ ಸೊನ್ನಲಿಗೆಯೇ. ಯಾದವರು ಅಳಿದ ಮೇಲೆ, ಶಕ 1238ರಲ್ಲಿ, ಮೋಹೋಳ ತಾಲೂಕಿನ ಕಾಮತಿಯ ಸಂಸ್ಕೃತ ಶಾಸನ ಅದನ್ನು ‘ಸೋನಲಿಪುರ’ ಎನ್ನುತ್ತದೆ. ಸೊಲ್ಲಾಪುರ ಕೋಟೆಯ ಶಾಸನವೊಂದರಲ್ಲಿ ಅದು ‘ಸೋನಲಪುರ’. ಮುಂದೆ ನಕಾರ ಬಿದ್ದುಹೋಗಿ ಸೋಲಾಪುರವಾಯಿತು. ಇಂಗ್ಲಿಷರು ಶೋಲಾಪುರ ಎಂದು ಬರೆದುಕೊಂಡರು.

ಆದರೆ ಕನ್ನಡಿಗರ ಬಾಯಲ್ಲಿ ಅದು ಸೋಲಾಪುರವಲ್ಲ, ಸೊಲ್ಲಾಪುರ. ಮೊದಲ ಅಕ್ಷರ ಹ್ರಸ್ವ, ಅದರ ಬೆನ್ನಿಗೆ ಒತ್ತು. ಸೊನ್ನಲಿಗೆಯ ನಕಾರ ಲಕಾರದಲ್ಲಿ ಕರಗಿ ಒತ್ತಾಗಿ ಉಳಿದಿದೆ ಎಂದೇ ನಾನು ತಿಳಿಯುತ್ತೇನೆ. ಮರಾಠಿಯಲ್ಲಿ ಹದಿನಾರಕ್ಕೆ ‘ಸೋಳಾ’ ಅನ್ನುತ್ತಾರೆ, ಆ ಳಕಾರ ಊರ ಹೆಸರಲ್ಲಿಲ್ಲ. ‘ಸೋಲಾ’ ಹಿಂದಿ-ಉರ್ದುವಿನ ಮಾತು. ಊರ ಹೆಸರು ಈ ಸೀಮೆಗೆ ಆ ಮಾತು ಬರುವ ಮುಂಚಿನದು.

ದೂರದ ವಿಯೆಟ್ನಾಮಿನಲ್ಲೂ ಇಂಥದೊಂದು ಹೆಸರಿದೆ. ಅಲ್ಲಿಯ ಕರಾವಳಿಯ ಫಾನ್ ರಾಂಗ್ ಎಂಬ ಊರು ಹಿಂದಿನ ಚಂಪಾ ರಾಜ್ಯದ ‘ಪಾಂಡುರಂಗ’ ಸೀಮೆಗೆ ಸೇರಿದ್ದು. ಚಾಮ್ ಜನರ, ಆಮೇಲೆ ವಿಯೆಟ್ನಾಮೀಯರ ನಾಲಿಗೆಯಲ್ಲಿ ಸವೆದು ಸವೆದು ಪಾಂಡುರಂಗ ಫಾನ್ ರಾಂಗ್ ಆಯಿತು. ಪಂಢರಪುರವಿರುವ ಜಿಲ್ಲೆಯವರಿಗೆ ಇದನ್ನು ಕೇಳಿದರೆ ಮೈ ನವಿರೇಳದೆ ಇದ್ದೀತೆ?

ಇತ್ತ ಸೊಲ್ಲಾಪುರ ಜಿಲ್ಲೆಯದೇ ಆದ ಅಕ್ಕಲಕೋಟೆ ತಾಲೂಕಿನ ಎಷ್ಟೋ ಮನೆಗಳಲ್ಲಿ ಕನ್ನಡವೇ ಮನೆಮಾತು. ಕಾಗದದ ಮೇಲಿನ ‘ಅಕ್ಕಲಕೋಟ್’ ಅಲ್ಲಿ ಅಕ್ಕಲಕೋಟೆಯೇ. ಹೊಲ, ಹಳ್ಳ, ಬಾವಿ, ಅಗಸಿಗಳ ಹಳೆಯ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಮಕ್ಕಳನ್ನು ಅವರ ಹತ್ತಿರ ಕೂಡ್ರಿಸಿ, ಅವರು ಅಂದ ಹಾಗೆಯೇ, ಒಂದಕ್ಷರವನ್ನೂ ತಿದ್ದದೆ ಆ ಹೆಸರುಗಳನ್ನು ಬರೆಸಿಡಿ.