ನೂರು ರೂಪಾಯಿಗೆ ನೂರನಲವತ್ತನಾಲ್ಕು

ನಿಮ್ಮ ಮನೆಯ ಉಗ್ರಾಣದಲ್ಲೋ ಹಿತ್ತಲಿನ ಮೂಲೆಯಲ್ಲೋ ಹಳೆಯ ಗೋಣಿಚೀಲ ಒಂದಾದರೂ ಬಿದ್ದಿದ್ದೀತು. ಮಳೆಗಾಲದಲ್ಲಿ ಕಾಲೊರೆಸುವಾಗಲಲ್ಲದೆ ಅದರ ನೆನಪು ನಮಗೆ ಬರುವುದಿಲ್ಲ. ಆದರೆ ಆ ಗೋಣಿಯ ನಾರಿಗಾಗಿ ಎರಡು ದೇಶಗಳು 1949ರಲ್ಲಿ ವ್ಯಾಪಾರವನ್ನೇ ಮುರಿದುಕೊಂಡು ಕುಳಿತವು. ಜಗಳದ ಬೇರು ಇದ್ದದ್ದು ರೂಪಾಯಿಯ ಬೆಲೆಯಲ್ಲಿ.

ದೇಶ ಎರಡಾದ ದಿನ ನಾಣ್ಯ ಎರಡಾಗಿರಲಿಲ್ಲ. ಕೆಲಕಾಲ ನಮ್ಮ ರಿಸರ್ವ್ ಬ್ಯಾಂಕೇ ಪಾಕಿಸ್ತಾನಕ್ಕೂ ಬ್ಯಾಂಕಾಗಿತ್ತು. ಆ ದೇಶದ ಮೊದಲ ನೋಟುಗಳೆಂದರೆ, ಪಾಕಿಸ್ತಾನ ಸರ್ಕಾರ ಎಂಬ ಮಾತನ್ನು ಮೇಲೊತ್ತಿದ ನಮ್ಮ ನೋಟುಗಳೇ. 1948ರ ಜುಲೈ 1ರಂದು ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಆರಂಭವಾದ ಮೇಲೂ ಒಂದು ರೂಪಾಯಿಗೆ ಒಂದು ರೂಪಾಯಿ ಎಂಬ ದರವೇ ನಡೆದುಬಂದಿತು. ಅಣ್ಣತಮ್ಮಂದಿರು ಪಾಲಾದರೂ ಅಳೆಯುವ ಸೇರು ಒಂದೇ ಉಳಿದ ಹಾಗೆ.

ಈ ಸೇರು ಒಡೆದದ್ದು 1949ರ ಸೆಪ್ಟೆಂಬರಿನಲ್ಲಿ. 18ನೆಯ ತಾರೀಖು ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಪೌಂಡಿನ ಜೊತೆಗೇ ನಡೆಯುತ್ತಿದ್ದ ಭಾರತವೂ ಅಷ್ಟೇ ಪ್ರಮಾಣದಲ್ಲಿ ಇಳಿಯಿತು. ಆಗ ಹಣಕಾಸಿನ ಮಂತ್ರಿಗಳಾಗಿದ್ದವರು ಜಾನ್ ಮಥಾಯ್. ರಿಸರ್ವ್ ಬ್ಯಾಂಕಿನ ಗವರ್ನರರು ನಮ್ಮ ಮಂಗಳೂರಿನ ಕಡೆಯ ಬೆನೆಗಲ್ ರಾಮರಾಯರು. ಸುಮಾರು ಮೂರು ರೂಪಾಯಿ ಐದಾಣೆಗೆ ಸಿಗುತ್ತಿದ್ದ ಡಾಲರು ನಾಲ್ಕು ರೂಪಾಯಿ ಹನ್ನೆರಡಾಣೆಗೆ ಏರಿತು. ಪಾಕಿಸ್ತಾನ ಮಾತ್ರ ಇಳಿಯಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅವರ ನೂರು ರೂಪಾಯಿಗೆ ನಾವು ನೂರನಲವತ್ತನಾಲ್ಕು ಕೊಡಬೇಕಾಯಿತು.

ಅವರ ವಾದವನ್ನೂ ಕೇಳಬೇಕು. ತಾವು ಮಾರುವುದು ಸೆಣಬು ಮತ್ತು ಹತ್ತಿ. ಇವು ಬೇಕಾದವರು ದರ ಎಷ್ಟಾದರೂ ಕೊಳ್ಳುತ್ತಾರೆ. ಕೊಳ್ಳಬೇಕಾದ ಯಂತ್ರಗಳಾದರೋ ಗಟ್ಟಿ ರೂಪಾಯಿಗೆ ಅಗ್ಗವಾಗಿ ಬರುತ್ತವೆ. ಕಾಗದದ ಮೇಲೆ ಇದು ಸರಿಯಾಗಿಯೇ ಇತ್ತು. ಎರಡು ವರ್ಷದ ಹೊಸ ರಾಷ್ಟ್ರಕ್ಕೆ ತನ್ನ ದಾರಿ ತನ್ನದೆಂದು ತೋರಿಸಬೇಕೆಂಬ ಛಲವೂ ಇತ್ತೆಂದು ನನಗೆ ತೋರುತ್ತದೆ.

ಅವಿಭಕ್ತ ಬಂಗಾಳದ ಸೆಣಬಿನಲ್ಲಿ ಮುಕ್ಕಾಲು ಪಾಲು ಬೆಳೆಯುತ್ತಿದ್ದುದು ಪೂರ್ವ ಭಾಗದಲ್ಲಿ. ನೂರಕ್ಕೂ ಹೆಚ್ಚು ಗಿರಣಿಗಳಿದ್ದುದು ಕಲ್ಕತ್ತೆಯ ಬಳಿ, ಹೂಗ್ಲಿ ನದಿಯ ದಂಡೆಗಳಲ್ಲಿ. ಗಡಿ ಎಳೆದಾಗ ಹೊಲ ಅತ್ತ, ಮಗ್ಗ ಇತ್ತ. ಮಣ ಸೆಣಬಿಗೆ ಢಾಕಾದಲ್ಲಿ 25 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಲು ಕಲ್ಕತ್ತೆಯ ಗಿರಣಿಯವನು ಕೊಡುತ್ತಿದ್ದುದು 25, ಈಗ 36. ಬೆಳೆದವನಿಗೆ ಕಾಸೂ ಹೆಚ್ಚಿಲ್ಲ, ಕೊಳ್ಳುವವನಿಗೆ ಹನ್ನೊಂದು ರೂಪಾಯಿ ಹೊರೆ.

ಭಾರತ ಈ ದರವನ್ನು ಒಪ್ಪಲಿಲ್ಲ. ಇಬ್ಬರೂ ಒಪ್ಪಿದ ದರವಿಲ್ಲದಿದ್ದರೆ ಬ್ಯಾಂಕು ಹುಂಡಿ ಬಿಡಿಸುವುದು ಹೇಗೆ? ವ್ಯಾಪಾರ ನಿಂತಿತು. ಅಸ್ಸಾಮಿನಿಂದ ನದಿಯ ದಾರಿಯಲ್ಲಿ ಬರುತ್ತಿದ್ದ ಸೆಣಬನ್ನು ಅವರು ತಡೆದರು. ನಾವು ಕಲ್ಲಿದ್ದಲನ್ನು ತಡೆದೆವು. ಪಶ್ಚಿಮ ಬಂಗಾಳ, ಬಿಹಾರ, ಅಸ್ಸಾಮುಗಳಲ್ಲಿ ಸೆಣಬಿನ ಬಿತ್ತನೆಗೆ ಸರ್ಕಾರವೇ ಉತ್ತೇಜನ ಕೊಟ್ಟಿತು. ಆಂಧ್ರದ ಕಡೆಯ ಪುಂಡಿನಾರಿಗೂ ಗಿರಾಕಿ ಹುಟ್ಟಿತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಪಲ್ಯ ಮಾಡುವ ಪುಂಡಿಯ ಬಳಗದ್ದೇ ಆ ಗಿಡ. 1950ರ ಏಪ್ರಿಲಿನಲ್ಲಿ ಒಂದು ಸಣ್ಣ ಒಪ್ಪಂದವಾಯಿತು. ಅದರ ಜಾಣತನ ನೋಡಿ: ಲೆಕ್ಕವೆಲ್ಲ ಭಾರತದ ರೂಪಾಯಿಯಲ್ಲಿಯೇ ಇದ್ದುದರಿಂದ ದರದ ಮಾತನ್ನೇ ಎತ್ತಬೇಕಾಗಲಿಲ್ಲ!

ಈ ಹಟದಲ್ಲಿ ಪೆಟ್ಟು ತಿಂದವನು ಪೂರ್ವ ಬಂಗಾಳದ ರೈತ. ಮೊಣಕಾಲುದ್ದ ನೀರಿನಲ್ಲಿ ನಿಂತು ನಾರು ಬಿಡಿಸಿದವನ ಮಾಲಿಗೆ ಹತ್ತಿರದ, ಹಳೆಯ ಗಿರಾಕಿ ಇಲ್ಲದೆ ಹೋದ. ಅವನನ್ನು ಬದುಕಿಸಿದ್ದು ಕರಾಚಿಯೂ ಅಲ್ಲ, ದಿಲ್ಲಿಯೂ ಅಲ್ಲ. 1950ರ ಜೂನಿನಲ್ಲಿ ದೂರದ ಕೊರಿಯದಲ್ಲಿ ಯುದ್ಧ ಹೊತ್ತಿತು. ಜಗತ್ತಿನ ಸೈನ್ಯಗಳಿಗೆ ಚೀಲ ಬೇಕಾಯಿತು. ಸೆಣಬು, ಹತ್ತಿ ಎರಡರ ಧಾರಣೆಯೂ ಮೇಲೇರಿತು. ಪಾಕಿಸ್ತಾನದ ರೂಪಾಯಿ ತಾನಾಗಿ ಬೀಳುವುದೆಂದು ಕಾದಿದ್ದ ಭಾರತ 1951ರ ಫೆಬ್ರವರಿಯ ಒಪ್ಪಂದದಲ್ಲಿ 144ರ ದರವನ್ನು ಒಪ್ಪಿಕೊಂಡಿತು. ಆ ದರದಂತೆ, ಕಲ್ಕತ್ತೆಯಲ್ಲಿ ದುಡಿಯುವವನೊಬ್ಬನ ನೂರು ರೂಪಾಯಿ ಮೈಮನ್‌ಸಿಂಗಿನಲ್ಲಿದ್ದ ತಾಯಿಯ ಕೈಗೆ 69 ರೂಪಾಯಿ ಏಳಾಣೆಯಾಗುತ್ತಿತ್ತು.

ಕೊರಿಯದ ಭರಾಟೆ ಬೇಗ ಇಳಿಯಿತು. ಗಟ್ಟಿ ರೂಪಾಯಿ ಮಾತ್ರ ಉಳಿಯಿತು. ಇದರ ಲಾಭ ಅಗ್ಗದ ಆಮದು ಪರವಾನಗಿ ಹಿಡಿದವರಿಗೆ, ಹೆಚ್ಚಾಗಿ ಕರಾಚಿಯ ಕಡೆಗೆ. ನಷ್ಟ ಸೆಣಬು ಮಾರಿ ವಿದೇಶಿ ಹಣ ತಂದ ಪೂರ್ವದವರಿಗೆ. ಮುಂದೆ 1971ರವರೆಗೂ ಬೆಳೆದ ಅಸಮಾಧಾನದಲ್ಲಿ ಈ ಲೆಕ್ಕವೂ ಒಂದು ಎಂಬುದನ್ನು ಮರೆಯುವಂತಿಲ್ಲ.

1955ರ ಜುಲೈ ಕೊನೆಯಲ್ಲಿ ಪಾಕಿಸ್ತಾನವೂ ಇಳಿಯಿತು. ಮತ್ತೆ ಒಂದಕ್ಕೆ ಒಂದು. ಆ ಸಮತೆ ಹನ್ನೊಂದು ವರ್ಷ ನಡೆಯಿತು. 1966ರ ಜೂನ್ 6ರಂದು ನಾವು ಡಾಲರಿಗೆ ಏಳೂವರೆ ರೂಪಾಯಿಗೆ ಇಳಿದಾಗ ಅವರ ನೂರು ನಮ್ಮ ನೂರೈವತ್ತೇಳೂವರೆ ಆಯಿತು. ಆದರೆ ಹಿಂದಿನ ವರ್ಷದ ಯುದ್ಧದಿಂದ ವ್ಯಾಪಾರವೇ ನಿಂತುಹೋಗಿದ್ದಿತು. ಅಂಗಡಿ ಮುಚ್ಚಿದ ಮೇಲೆ ಹಲಗೆಯ ಮೇಲೆ ಬರೆದ ಧಾರಣೆ ಅದು. 1972ರ ಮೇ ತಿಂಗಳಲ್ಲಿ ಪಾಕಿಸ್ತಾನ ಡಾಲರಿಗೆ 11 ರೂಪಾಯಿಗೆ ಇಳಿದು, ತಕ್ಕಡಿ ನಮ್ಮ ಕಡೆಗೆ ವಾಲಿತು.

ಸೆಣಬಿನ ನಾಡು ಅಷ್ಟರಲ್ಲಿ ಬಾಂಗ್ಲಾದೇಶವಾಗಿತ್ತು. ಮುರಿದುಹೋದ ವ್ಯಾಪಾರದ ದಿನಗಳಲ್ಲಿ ನಾರಾಯಣಗಂಜಿನಲ್ಲಿ ಎದ್ದ ಆದಮ್‌ಜಿ ಗಿರಣಿ ಆ ಹೊಸ ದೇಶದ ಪಾಲಿಗೆ ಬಂದು, 2002ರಲ್ಲಿ ಮುಚ್ಚುವವರೆಗೆ ಅಲ್ಲಿಯೇ ನೂಲು ತೆಗೆಯಿತು. ಆ ದೇಶ 1972ರಲ್ಲಿ ಟಾಕಾ ಎಂಬ ತನ್ನ ನಾಣ್ಯವನ್ನು ಹೊರಡಿಸಿದಾಗ ಅದರ ಬೆಲೆಯನ್ನು ಭಾರತದ ಒಂದು ರೂಪಾಯಿಗೆ ಸಮವಾಗಿಯೇ ಇಟ್ಟಿತು.