ಹಾರ್ಡ್ ಡಿಸ್ಕಿನ ಫಾರ್ಮ್ಯಾಟನ್ನು ಆರಿಸುವ ಬಗೆ

(ಶಾಲೆಯ ವಾರ್ಷಿಕೋತ್ಸವದಂದು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಎರಡು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿಕೊಂಡಾಗ, ವಿದ್ಯೆಯ ಮಹಿಮೆಯನ್ನೋ ಮಾತೃಭಾಷೆಯ ಹಿರಿಮೆಯನ್ನೋ ಕುರಿತು ನಾನು ಮಾತನಾಡುವೆನೆಂದು ಅವರು ಎಣಿಸಿದ್ದಿರಬಹುದು. ನಾನು ಆರಿಸಿಕೊಂಡ ವಿಷಯವಾದರೋ ಬಹಳ ಸಣ್ಣದು. ಅಂಗಡಿಯಿಂದ ತಂದ ಹಾರ್ಡ್ ಡಿಸ್ಕನ್ನು ಯಾವ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಬೇಕೆಂಬುದೇ ಅದು. ಇದೇನು ಕ್ಷುಲ್ಲಕ ಸಂಗತಿಯೆಂದು ನಿಮಗೆ ತೋರಿದರೆ, ಮೊದಲು ನನ್ನ ಮನೆಯಲ್ಲಿ ನಡೆದುದನ್ನು ಕೇಳಬೇಕು.

ನನ್ನ ತೀರ್ಥರೂಪರು ತಾಳಮದ್ದಳೆಯ ಅರ್ಥಧಾರಿಗಳಾಗಿದ್ದರು. ಅವರ ಹನ್ನೊಂದು ಕೂಟಗಳ ಧ್ವನಿಯು ಹಳೆಯ ಕ್ಯಾಸೆಟ್ಟುಗಳಲ್ಲಿ ಉಳಿದಿತ್ತು. ನನ್ನ ಸೋದರಳಿಯನು ರಜೆಯ ದಿನಗಳನ್ನೆಲ್ಲ ವ್ಯಯಿಸಿ ಅವುಗಳನ್ನು ಒಂದು ಹಾರ್ಡ್ ಡಿಸ್ಕಿಗೆ ಏರಿಸಿಕೊಟ್ಟನು. ಬೂಸ್ಟು ಹಿಡಿದ ಕ್ಯಾಸೆಟ್ಟುಗಳು ಇನ್ನೇಕೆಂದು ನಾವೇ ಅವುಗಳನ್ನು ಎಸೆದೆವು. ಅವನ ಕಂಪ್ಯೂಟರಿನಲ್ಲಿದ್ದುದು ಗ್ನೂ/ಲಿನಕ್ಸ್. ನಮ್ಮ ಮನೆಯದರಲ್ಲಿ ವಿಂಡೋಸ್. ನಾನು ಡಿಸ್ಕನ್ನು ಜೋಡಿಸಿದೊಡನೆ, ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿತು. ವಾಡಿಕೆಯ ಪ್ರಶ್ನೆಯೆಂದು ಬಗೆದು ಒಪ್ಪಿಗೆ ಕೊಟ್ಟೆನು. ಡಿಸ್ಕು ಬರಿದಾಗಿ ಕಂಡಿತು. ಅಳಿಯನು ಖಾಲಿ ಡಿಸ್ಕನ್ನೇ ತಪ್ಪಿ ಕೊಟ್ಟಿರಬೇಕೆಂದು ತಿಳಿದು, ಅದರ ಮೇಲೆ ಮದುವೆಯೊಂದರ ಚಿತ್ರಗಳನ್ನೂ ತುಂಬಿದೆನು. ತಿಳಿದವರೊಬ್ಬರು ಬಹಳ ಪ್ರಯಾಸಪಟ್ಟು ಎರಡು ಕೂಟಗಳನ್ನು ಮಾತ್ರ ಹಿಂದಕ್ಕೆ ತೆಗೆದುಕೊಟ್ಟರು. ಒಂಬತ್ತು ಹೋದವು. ತಪ್ಪು ಯಂತ್ರದ್ದಲ್ಲ, ಪ್ರಶ್ನೆಯ ಅರ್ಥವನ್ನರಿಯದೆ ಉತ್ತರವಿತ್ತ ನನ್ನದು.

ಹಾಗಾದರೆ ಆ ಪ್ರಶ್ನೆಯ ಅರ್ಥವೇನು? ನಮ್ಮ ಹಿರಿಯರ ಮರದ ಪೆಟ್ಟಿಗೆಗಳಲ್ಲಿ ಕನ್ನಡದ ದಸ್ತಾವೇಜುಗಳಿವೆ. ೧೯೫೬ನೆಯ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಕಾಗದಗಳ ಲಿಪಿ ಬದಲಾಗಲಿಲ್ಲ. ಕನ್ನಡವರಿಯದ ಗುಮಾಸ್ತರ ಮುಂದೆ ಅವನ್ನಿಟ್ಟರೆ ಅವರು ಓದಲಾರರು. ಅಷ್ಟರಿಂದ ಕಾಗದವು ಬರಿದಾಯಿತೇ? ‘ಇದನ್ನು ಒರಸಿ, ನನಗೆ ಬರುವ ಲಿಪಿಯಲ್ಲಿ ಹೊಸ ಪುಸ್ತಕ ತೆರೆಯಲೇ?’ ಎಂದು ಅವರು ಕೇಳಿದರೆ ನೀವು ಒಪ್ಪುವಿರಾ? ನನ್ನ ಕಂಪ್ಯೂಟರು ಕೇಳಿದುದು ಇದನ್ನೇ. ಡಿಸ್ಕಿನಲ್ಲಿ ಯಾವ ಕಡತವು ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಬರೆದಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಎಂದು ಹೆಸರು. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ಪಟ್ಟಿಯನ್ನು ಕಳೆದು ಹೊಸ ಪಟ್ಟಿಯನ್ನು ಆರಂಭಿಸುವುದು.

ಈ ಪದ್ಧತಿಗಳಲ್ಲಿ ನಾಲ್ಕನ್ನು ನಾವು ಅರಿತರೆ ಸಾಕು.

ಮೊದಲನೆಯದು ೧೯೯೬ರಲ್ಲಿ ಬಂದ ಫ್ಯಾಟ್-೩೨. ಇದನ್ನು ಓದಲಾರದ ಕಂಪ್ಯೂಟರು ವಿರಳ. ಹಳೆಯ ಟೆಲಿವಿಷನ್ನುಗಳೂ ಓದುತ್ತವೆ. ಆದರೆ ಇದಕ್ಕೊಂದು ಮಿತಿಯುಂಟು. ವಿದ್ಯಾರ್ಥಿಗಳೇ, ಲೆಕ್ಕದ ಪುಸ್ತಕದಲ್ಲಿ ಎರಡು ಅಂಕಿಗಳಿಗೆ ಮಾತ್ರ ಸ್ಥಳವಿದ್ದರೆ ೯೯ರ ಆಚೆಗೆ ಬರೆಯಲಾಗದಷ್ಟೆ? ಇಲ್ಲಿ ಕಡತದ ಗಾತ್ರವನ್ನು ಬರೆಯಲು ಮೂವತ್ತೆರಡು ಮನೆಗಳಿವೆ. ಒಂದೊಂದರಲ್ಲಿ ಸೊನ್ನೆ ಇಲ್ಲವೆ ಒಂದು. ಅವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ೪೨೯,೪೯,೬೭,೨೯೫. ಅಷ್ಟು ಬೈಟುಗಳಿಗಿಂತ, ಎಂದರೆ ಸುಮಾರು ನಾಲ್ಕು ಗಿಗಾಬೈಟಿಗಿಂತ ದೊಡ್ಡದಾದ ಒಂದೇ ಕಡತವು ಅದರಲ್ಲಿ ಸೇರದು. ಡಿಸ್ಕಿನಲ್ಲಿ ಎಷ್ಟೇ ಸ್ಥಳವಿದ್ದರೂ ಇಡೀ ರಾತ್ರಿಯ ಯಕ್ಷಗಾನದ ಚಿತ್ರೀಕರಣವನ್ನು ಒಂದೇ ಕಡತವಾಗಿ ಅಲ್ಲಿಡಲು ಹೋದರೆ ಅದು ನಿರಾಕರಿಸಲು ಇದೇ ಕಾರಣ.

ಎರಡನೆಯದು ಎನ್‌ಟಿಎಫ್‌ಎಸ್, ೧೯೯೩ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದುದು. ಇದರ ಹಿರಿಯ ಗುಣವನ್ನು ನಮ್ಮ ವ್ಯಾಪಾರಿಗಳು ಸುಲಭವಾಗಿ ಗ್ರಹಿಸುವರು. ಜಾಣ ವರ್ತಕನು ಖಾತೆಯನ್ನು ತಿದ್ದುವ ಮೊದಲು ದಿನವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ನಡುವೆ ದೀಪವಾರಿದರೂ ದಿನವಹಿಯನ್ನು ನೋಡಿ ಖಾತೆಯನ್ನು ಸರಿಪಡಿಸಬಹುದು. ಎನ್‌ಟಿಎಫ್‌ಎಸ್ ಅಂತಹ ದಿನವಹಿಯನ್ನಿಡುತ್ತದೆ. ಆದರೆ ಆಪಲ್ ಕಂಪೆನಿಯ ಮ್ಯಾಕ್ ಗಣಕಗಳು ಇದನ್ನು ಓದಬಲ್ಲವೇ ಹೊರತು, ಬೇರೆ ತಂತ್ರಾಂಶದ ನೆರವಿಲ್ಲದೆ ಇದರಲ್ಲಿ ಬರೆಯಲಾರವು.

ಮೂರನೆಯದು ಇಎಕ್ಸ್‌ಟಿ-೪, ೨೦೦೮ರಿಂದ ಲಿನಕ್ಸಿನಲ್ಲಿರುವುದು. ಇದೂ ದಿನವಹಿಯುಳ್ಳದ್ದು. ಆದರೆ ವಿಂಡೋಸ್ ತಾನಾಗಿ ಇದನ್ನು ಓದಲಾರದು. ನನ್ನ ತಂದೆಯವರ ಧ್ವನಿಯಿದ್ದುದು ಇದರಲ್ಲಿಯೇ.

ನಾಲ್ಕನೆಯದು ೨೦೦೬ರ ಎಕ್ಸ್‌ಫ್ಯಾಟ್. ನಾಲ್ಕು ಗಿಗಾಬೈಟಿನ ಕಟ್ಟು ಇದಕ್ಕಿಲ್ಲ. ವಿಂಡೋಸ್, ಮ್ಯಾಕ್ ಎರಡೂ ಇದರಲ್ಲಿ ಓದಿ ಬರೆಯುತ್ತವೆ. ೨೦೧೯ರಲ್ಲಿ ಮೈಕ್ರೋಸಾಫ್ಟ್ ಇದರ ವಿವರಗಳನ್ನು ಬಹಿರಂಗಪಡಿಸಿತು. ಅದೇ ವರ್ಷ ಲಿನಕ್ಸ್ ಕರ್ನಲ್ಲಿನಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ಆದರೆ ಇದಕ್ಕೆ ದಿನವಹಿಯಿಲ್ಲ. ಬರೆಯುತ್ತಿರುವಾಗಲೇ ತಂತಿಯನ್ನು ಕಿತ್ತರೆ ಪಟ್ಟಿ ಕೆಡುವ ಭಯವುಂಟು. ಆದುದರಿಂದ ಪರದೆಯಲ್ಲಿ ಡಿಸ್ಕನ್ನು ಬಿಡುಗಡೆ ಮಾಡಿದ ತರುವಾಯವೇ ಅದನ್ನು ಕಳಚಬೇಕು.

ಇನ್ನು ಆಯ್ಕೆಯ ಮಾತು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಬಹುಕಾಲದಿಂದ ಗ್ನೂ/ಲಿನಕ್ಸ್ ಬಳಕೆಯಲ್ಲಿದೆ. ಮನೆಗಳಲ್ಲಿ ಹೆಚ್ಚಾಗಿ ವಿಂಡೋಸ್. ಆದುದರಿಂದ ಶಾಲೆಗೂ ಮನೆಗೂ ಹೊತ್ತು ತಿರುಗುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ತಕ್ಕುದು. ವಿಂಡೋಸ್ ಗಣಕವೊಂದರ ಬಳಿಯೇ ಇರಿಸುವ ಡಿಸ್ಕಿಗೆ ಎನ್‌ಟಿಎಫ್‌ಎಸ್, ಲಿನಕ್ಸ್ ಒಂದನ್ನೇ ಬಳಸುವವರಿಗೆ ಇಎಕ್ಸ್‌ಟಿ-೪ ಒಳ್ಳೆಯದು. ಹಳೆಯ ಟೆಲಿವಿಷನ್ನಿಗಾಗಿ ಸಣ್ಣ ಕಡತಗಳನ್ನು ಒಯ್ಯುವುದಾದರೆ ಫ್ಯಾಟ್-೩೨ ಸಾಕು. ಈ ಆಯ್ಕೆಯನ್ನು ಡಿಸ್ಕು ಬರಿದಾಗಿರುವಾಗಲೇ ಮಾಡಬೇಕು. ತುಂಬಿದ ಮೇಲೆ ಬದಲಾಯಿಸಬೇಕಾದರೆ ಎಲ್ಲವನ್ನೂ ಮೊದಲು ಬೇರೆಡೆಗೆ ಸಾಗಿಸಬೇಕಾಗುವುದು. ಒಂದು ವೇಳೆ ಕೈತಪ್ಪಿ ಫಾರ್ಮ್ಯಾಟ್ ಆದರೆ, ಮುಂದೆ ಒಂದಕ್ಷರವನ್ನೂ ಅದರ ಮೇಲೆ ಬರೆಯದೆ ತಿಳಿದವರಲ್ಲಿಗೆ ಒಯ್ಯಿರಿ. ನಾನು ಮದುವೆಯ ಚಿತ್ರಗಳನ್ನು ತುಂಬದಿದ್ದರೆ ಇನ್ನೂ ಕೆಲವು ಕೂಟಗಳು ಉಳಿಯುತ್ತಿದ್ದವೋ ಏನೋ.

ಕೊನೆಯದಾಗಿ, ಯಾವ ಪದ್ಧತಿಯೂ ಡಿಸ್ಕು ಕೈಜಾರಿ ಬೀಳುವುದನ್ನು ತಡೆಯಲಾರದು. ಬೆಲೆಯುಳ್ಳದ್ದಕ್ಕೆ ಎರಡು ಪ್ರತಿಗಳಿರಲಿ. ಅವು ಎರಡು ಮನೆಗಳಲ್ಲಿರಲಿ. ಪ್ರತಿಯೊಂದು ಡಿಸ್ಕಿಗೂ ಒಂದು ಚೀಟಿ ಅಂಟಿಸಿ, ಅದರ ಫಾರ್ಮ್ಯಾಟ್ ಯಾವುದು, ಒಳಗೇನಿದೆ ಎಂಬುದನ್ನು ಅಚ್ಚಗನ್ನಡದಲ್ಲಿ ಬರೆಯಿರಿ. ಅಂತಹ ಒಂದು ಚೀಟಿ ಅಂದು ನನ್ನ ಡಿಸ್ಕಿನ ಮೇಲಿದ್ದಿದ್ದರೆ, ನನ್ನ ತಂದೆಯವರ ಕರ್ಣನ ಮಾತುಗಳನ್ನು ಇಂದು ಈ ಮಕ್ಕಳಿಗೆ ಕೇಳಿಸಬಹುದಾಗಿತ್ತು.