ರಕ್ತ ಯಾರದ್ದು ಅಂತ ಗೊತ್ತಾಯ್ತು, ಯಾವತ್ತಿನದ್ದು?

ಮಳವಳ್ಳಿ ಕಡೆ ಒಂದು ಕಬ್ಬಿನ ಗದ್ದೆ ಅಂದ್ಕೊಳ್ಳಿ. ಕಟಾವಿನ ವೇಳೆ ಪಕ್ಕದ ಗದ್ದೆಯವನು ಮಚ್ಚಿನಿಂದ ಕೈ ಕೊಯ್ದುಕೊಂಡ. ನೀವು ಹಿಡಿದು ಎತ್ತಿದ್ರಿ, ನಿಮ್ಮ ಅಂಗಿಗೆ ರಕ್ತ ಆಯ್ತು. ವಾರ ಕಳೆದ ಮೇಲೆ ಯಾರೋ ಅವನ ಮೇಲೆ ಹಲ್ಲೆ ಮಾಡ್ತಾರೆ. ಪೊಲೀಸರಿಗೆ ಆ ಅಂಗಿ ಸಿಗುತ್ತೆ. ರಕ್ತ ಅವನದ್ದೇ ಅಂತ ಡಿಎನ್‌ಎ ಪರೀಕ್ಷೆ ಹೇಳುತ್ತೆ, ಅದು ನಿಜಾನೂ ಹೌದು. ಆದ್ರೆ ಕಲೆ ಹೋದ ವಾರದ್ದಾ, ನಿನ್ನೆ ರಾತ್ರಿದಾ? ನೀವು ಜೈಲಿಗೆ ಹೋಗ್ತೀರೋ ಇಲ್ವೋ ಅನ್ನೋದು ಇದರ ಮೇಲಿದೆ.

ದೇಹದಿಂದ ಹೊರಬಿದ್ದ ರಕ್ತದ ಹಿಮೋಗ್ಲೋಬಿನ್ ಮೊದಲು ಮೆಥೆಮೋಗ್ಲೋಬಿನ್ ಆಗುತ್ತೆ, ಆಮೇಲೆ ಹೆಮಿಕ್ರೋಮ್. ಕೆಂಪು ಬಣ್ಣ ಕಂದಾಗೋದು ಹೀಗೆ. ಕಲೆಯಿಂದ ವಾಪಸ್ ಬರೋ ಬೆಳಕನ್ನು ಅಳೆದರೆ ಯಾವುದು ಎಷ್ಟಿದೆ ಅಂತ ಅಂದಾಜು ಸಿಗುತ್ತೆ.

ತೊಂದರೆ ಏನಂದ್ರೆ, ಈ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ. ಮಂಡ್ಯದ ನಾಲೆ ಪಕ್ಕದ ತಂಪಲ್ಲಿ ಒಂದು ಲೆಕ್ಕ, ಮದ್ದೂರಿನ ಏಪ್ರಿಲ್ ಬಿಸಿಲಲ್ಲಿ ಕಾದ ತಗಡಿನ ಮೇಲೆ ಇನ್ನೊಂದು. ಅದಕ್ಕೇ ಎಲ್ಲರೂ ಒಪ್ಪಿದ ಒಂದು ಪರೀಕ್ಷೆ ಇನ್ನೂ ಬಂದಿಲ್ಲ. ಸೀರಿಯಲ್‌ನಲ್ಲಿ ಇನ್ಸ್‌ಪೆಕ್ಟರ್ ಕಲೆ ನೋಡಿ "ಆರು ಗಂಟೆ ಹಿಂದಿನದು" ಅಂದ್ರೆ ನಕ್ಕುಬಿಡಿ.

2024ರ ಜುಲೈ 1ಕ್ಕೆ ಜಾರಿಯಾದ ಬಿಎನ್‌ಎಸ್‌ಎಸ್ ಪ್ರಕಾರ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು; ಇದಕ್ಕೆ ಸಜ್ಜಾಗೋಕೆ ರಾಜ್ಯಗಳಿಗೆ 5 ವರ್ಷ ಸಮಯ ಇದೆ. ಬಂದವರು ಕಲೆಯ ಫೋಟೊ ಜೊತೆ ಅವತ್ತಿನ ಸೆಖೆ, ತೇವ, ಬಿಸಿಲೋ ನೆರಳೋ ಅನ್ನೋದನ್ನೂ ಬರ್ಕೊಳ್ಳಲಿ ಅಂತೀನಿ ನಾನು. ಲ್ಯಾಬ್ ತಲುಪಿದ ಅಂಗಿ ಅದನ್ನೆಲ್ಲ ಹೇಳಲ್ಲ.